ಮುಳುಗಿದ ಹಡಗಿನ ಸೆಳೆತ, ಮುಳುಗಿದವರ ಮರೆವು

ಬೇಕೆಂದೇ ಒಂದು ಹಡಗನ್ನು ಮುಳುಗಿಸಿ, ಅದನ್ನು ನೋಡಲು ಜನರನ್ನು ಕರೆಯುವ ಯೋಜನೆಯೊಂದು ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ ರೂಪುಗೊಂಡಿದೆ. ಹಡಗಿನ ಹೆಸರು ಐಎನ್‌ಎಸ್ ಗುಲ್ದಾರ್. 1985ರ ಕೊನೆಗೆ ನೌಕಾಪಡೆಗೆ ಸೇರಿದ್ದು, 2024ರ ಜನವರಿಯಲ್ಲಿ ನಿವೃತ್ತಿಯಾಯಿತು. ಸುಮಾರು 83 ಮೀಟರ್ ಉದ್ದದ ಈ ಹಡಗಿನ ಕೆಲಸ ಸೈನಿಕರನ್ನೂ ಟ್ಯಾಂಕುಗಳನ್ನೂ ದಡಕ್ಕೆ ಇಳಿಸುವುದಾಗಿತ್ತು. 2025ರ ಫೆಬ್ರುವರಿಯಲ್ಲಿ ನಮ್ಮ ಕಾರವಾರದ ನೌಕಾನೆಲೆಯಲ್ಲೇ ಅದನ್ನು ಮಹಾರಾಷ್ಟ್ರ ಪ್ರವಾಸೋದ್ಯಮ ಅಭಿವೃದ್ಧಿ ನಿಗಮಕ್ಕೆ ಹಸ್ತಾಂತರಿಸಲಾಯಿತು. ನಿವತಿ ಬಂಡೆಗಳ ಹತ್ತಿರ ಅದನ್ನು ಕಡಲ ತಳಕ್ಕೆ ಇಳಿಸಿ, ನೀರಿನಡಿಯ ವಸ್ತುಸಂಗ್ರಹಾಲಯ ಮಾಡುವುದು, ಮೀನು-ಹವಳಗಳಿಗೆ ಆಸರೆ ಒದಗಿಸುವುದು, ಸ್ಕೂಬಾ ಡೈವಿಂಗ್ ಮಾಡುವವರನ್ನು ಸೆಳೆಯುವುದು ಉದ್ದೇಶ. ಕೇಂದ್ರ ಸರ್ಕಾರ ಇದಕ್ಕೆ ಸುಮಾರು 47 ಕೋಟಿ ರೂಪಾಯಿ ಮಂಜೂರು ಮಾಡಿದೆ.

ಇದೇ ಜಿಲ್ಲೆಯ ಕಡಲಿನಲ್ಲಿ, ಮಾಲ್ವಣದ ದಡದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, 60 ಮೀಟರ್‌ನಷ್ಟು ಆಳದಲ್ಲಿ ಇನ್ನೊಂದು ನೌಕೆ ಪತ್ತೆಯಾಗಿತ್ತು. ಅದನ್ನು ಯಾರೂ ಬೇಕೆಂದು ಮುಳುಗಿಸಿದ್ದಲ್ಲ. ಅದು ಮಲ್ಪೆಯ ಮೀನುಗಾರಿಕಾ ಬೋಟು ‘ಸುವರ್ಣ ತ್ರಿಭುಜ’. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಬೋಟು, 15ರ ರಾತ್ರಿಯ ನಂತರ ಸಂಪರ್ಕಕ್ಕೆ ಸಿಗಲಿಲ್ಲ. ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ 7 ಮೀನುಗಾರರು ಅದರಲ್ಲಿದ್ದರು. 2019ರ ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಅವಶೇಷವನ್ನು ಪತ್ತೆ ಮಾಡಿತು. ಆ ಏಳು ಮಂದಿ ಮಾತ್ರ ಮನೆಗೆ ಬರಲೇ ಇಲ್ಲ.

ಒಂದೇ ಕಡಲು, ಎರಡು ನೌಕೆ. ಒಂದನ್ನು ನೋಡಲು ನಾಳೆ ನಾವೇ ದುಡ್ಡು ಕೊಟ್ಟು, ರಜೆ ಹಾಕಿ ಹೋಗುತ್ತೇವೆ. ಇನ್ನೊಂದರ ಹೆಸರು ಕರಾವಳಿಯ ಆಚೆ ಎಷ್ಟು ಮಂದಿಗೆ ನೆನಪಿದೆ? ಮುಳುಗಿದ ಹಡಗನ್ನು ನೋಡಬೇಕೆಂಬ ಆಸೆ ಮನುಷ್ಯನಿಗೆ ಯಾಕೆ ಹುಟ್ಟುತ್ತದೆ, ಆ ಆಸೆ ಕೆಲವು ಹಡಗುಗಳ ಕಡೆಗಷ್ಟೇ ಯಾಕೆ ಹರಿಯುತ್ತದೆ ಎಂದು ಯೋಚಿಸಲು ಈ ಎರಡು ನೌಕೆಗಳು ಸಾಕು.

ಜುಹುವಿಗೆ ಬಂದ ಅತಿಥಿಗಳು

ಈ ಸೆಳೆತವನ್ನು ಮುಂಬಯಿ ಕಣ್ಣಾರೆ ಕಂಡ ವರ್ಷ 2011. ಎಂ.ವಿ. ವಿಸ್ಡಮ್ ಎಂಬ ಸುಮಾರು 9,000 ಟನ್ ತೂಕದ ಹಳೆಯ ಸರಕು ಹಡಗನ್ನು ಕೊಲಂಬೊದಿಂದ ಗುಜರಾತಿನ ಅಲಂಗ್‌ಗೆ, ಒಡೆದು ಗುಜರಿಗೆ ಹಾಕಲು, ಟಗ್ ಬೋಟೊಂದು ಎಳೆದೊಯ್ಯುತ್ತಿತ್ತು. ಹಡಗಿನಲ್ಲಿ ಒಬ್ಬನೇ ಒಬ್ಬ ಸಿಬ್ಬಂದಿ ಇರಲಿಲ್ಲ. ಜೂನ್ ಎರಡನೇ ವಾರದ ಮಳೆ-ಗಾಳಿಗೆ ಹಗ್ಗ ತುಂಡಾಯಿತು. ಬಾಂದ್ರಾ-ವರ್ಲಿ ಸೇತುವೆಗೆ ಎಲ್ಲಿ ಬಡಿಯುತ್ತದೋ ಎಂಬ ಆತಂಕ ಹುಟ್ಟಿಸಿ, ಕೊನೆಗೆ ಜುಹು ಮರಳಿನಲ್ಲಿ ಹೂತು ನಿಂತಿತು. ಹೆಸರು ‘ವಿವೇಕ’, ಸ್ಥಿತಿ ಮಾತ್ರ ನಡುನೀರಿನಲ್ಲಿ ಕೈಬಿಟ್ಟವರದು.

ಆಗ ನಾನು ಪವಾಯಿಯಲ್ಲಿ ಎಂಟೆಕ್ ವಿದ್ಯಾರ್ಥಿ. ಮುಂದಿನ ಭಾನುವಾರ ಹಾಸ್ಟೆಲಿನ ನಾಲ್ಕೈದು ಗೆಳೆಯರ ಜೊತೆ ಬಸ್ಸಿನಲ್ಲಿ ಅಂಧೇರಿಗೆ, ಅಲ್ಲಿಂದ ರಿಕ್ಷಾದಲ್ಲಿ ಜುಹುವಿಗೆ ಹೋದೆವು. ಜಾತ್ರೆ ಸೇರಿದ ಹಾಗಿತ್ತು. ಮೆಕ್ಕೆಜೋಳ ಸುಡುವವರು, ಚಹಾದ ಕೆಟಲ್ ಹಿಡಿದವರು, ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡ ಅಪ್ಪಂದಿರು. ಹತ್ತಿರ ಹೋಗದಂತೆ ಪೊಲೀಸರು ಸೀಟಿ ಊದುತ್ತಿದ್ದರು, ಜನ ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ಮೂರು ಹೆಜ್ಜೆ ಮುಂದೆ ಹೋಗುತ್ತಿದ್ದರು. ಬಾರ್ಸಿ ಕಡೆಯ ಗೆಳೆಯನೊಬ್ಬ, ‘ಸಮುದ್ರವನ್ನೇ ಎರಡು ವರ್ಷದ ಹಿಂದೆ ಮೊದಲು ನೋಡಿದವನು ನಾನು, ಈಗ ಹಡಗು ಕಾಲ ಬುಡಕ್ಕೇ ಬಂದಿದೆ’ ಎಂದು ನಗುತ್ತಿದ್ದ.

ಜುಲೈ ಮೊದಲ ದಿನಗಳಲ್ಲಿ ಹಡಗನ್ನು ಎಳೆದು ಕಡಲಿಗೆ ಸೇರಿಸಿದರು. ತಿಂಗಳು ಮುಗಿಯುವಷ್ಟರಲ್ಲಿ ಎರಡನೇ ಅತಿಥಿ ಬಂತು. ಜುಲೈ 31ರಂದು ಎಂ.ಟಿ. ಪವಿತ್ ಎಂಬ ಚಿಕ್ಕ ತೈಲ ಹಡಗು ಅದೇ ಜುಹು ತೀರಕ್ಕೆ ಬಂದು ಬಿತ್ತು. ಒಮಾನ್ ಕಡೆಯ ಕಡಲಿನಲ್ಲಿ ಸಿಬ್ಬಂದಿ ಬಿಟ್ಟುಹೋಗಿದ್ದ ಹಡಗು ಅದು. ಸುಮಾರು ಒಂದು ತಿಂಗಳು ಅರಬ್ಬೀ ಸಮುದ್ರದಲ್ಲಿ ತೇಲಿಕೊಂಡು, ಯಾರ ಕಣ್ಣಿಗೂ ಬೀಳದೆ ಮುಂಬಯಿಯ ಅಂಗಳಕ್ಕೆ ಬಂದಿತ್ತು. 26/11ರ ದಾಳಿ ನಡೆದು ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಹಾಗಿದ್ದೂ ಹಡಗಿಗೆ ಹಡಗೇ ಕಾಣದೆ ಹೋದದ್ದು ಹೇಗೆ ಎಂಬ ಪ್ರಶ್ನೆ ಸಂಸತ್ತು, ಪತ್ರಿಕೆಗಳಲ್ಲೆಲ್ಲ ಎದ್ದಿತು. ದಡದಲ್ಲಿ ಸೇರಿದ್ದ ಜನಕ್ಕೆ ಅದು ಮತ್ತೊಂದು ಫೋಟೊ ಆಗಿತ್ತು.

ಈ ಅನುಭವ ಮುಂಬಯಿಗಷ್ಟೇ ಸೇರಿದ್ದಲ್ಲ. 2000ದ ಜೂನ್‌ನಲ್ಲಿ ಗೋವಾದ ಕ್ಯಾಂಡೋಲಿಂ ಬಳಿ ಸಿಕ್ಕಿಕೊಂಡ ರಿವರ್ ಪ್ರಿನ್ಸೆಸ್ ಎಂಬ ಅದಿರು ಹಡಗು ಹನ್ನೆರಡು ವರ್ಷದಷ್ಟು ಕಾಲ ಅಲ್ಲೇ ಇತ್ತು. ಆ ದಶಕದಲ್ಲಿ ಹುಬ್ಬಳ್ಳಿ, ಬೆಳಗಾವಿಯಿಂದ ಗೋವಾಕ್ಕೆ ಹೋದವರ ಆಲ್ಬಮ್ಮುಗಳಲ್ಲಿ ಆ ತುಕ್ಕು ಹಿಡಿದ ಹಡಗು ಹಿನ್ನೆಲೆಯಾಗಿ ನಿಂತಿರುತ್ತದೆ. ಅತ್ತ ಅದರ ಅಕ್ಕಪಕ್ಕದ ಮರಳ ದಂಡೆ ಕೊರೆದುಹೋಗುತ್ತಿದೆ ಎಂಬುದು ಸ್ಥಳೀಯರ ದೂರು. 2020ರ ನಿಸರ್ಗ ಚಂಡಮಾರುತದಲ್ಲಿ ರತ್ನಾಗಿರಿಯ ಮಿರ್ಯಾ ತೀರಕ್ಕೆ ಬಂದು ಬಿದ್ದ ಬಸ್ರಾ ಸ್ಟಾರ್ ಹಡಗೂ ವರ್ಷಗಟ್ಟಲೆ ಸೆಲ್ಫಿ ತಾಣವಾಗಿತ್ತು.

ಸೆಳೆಯುವುದು ಯಾವುದು?

ಜುಹುವಿನ ಹಡಗನ್ನು ನೋಡಲು ಅಷ್ಟು ಜನ ಬಂದರಲ್ಲ, ಅದೇ ಹಡಗು ಹಗ್ಗ ಕಡಿಯದೆ ಅಲಂಗ್ ಮುಟ್ಟಿದ್ದರೆ ಯಾರು ತಿರುಗಿ ನೋಡುತ್ತಿದ್ದರು? ಅಲಂಗ್‌ನಲ್ಲಿ ಅಂಥ ಹಡಗುಗಳು ಸಾಲುಸಾಲಾಗಿ ನಿಂತು ಒಡೆಸಿಕೊಳ್ಳುತ್ತವೆ. ಕಬ್ಬಿಣ ಅದೇ, ತುಕ್ಕು ಅದೇ. ಅಲ್ಲಿ ಅದು ಗುಜರಿ, ಇಲ್ಲಿ ಅದು ಅಚ್ಚರಿ. ಹಾಗಾಗಿ ಸೆಳೆತ ಹಡಗಿನಲ್ಲಿ ಇಲ್ಲ, ಹಡಗು ಇರಬಾರದ ಜಾಗದಲ್ಲಿ ಇರುವುದರಲ್ಲಿ ಇದೆ. ತೀರದಿಂದ ಚುಕ್ಕಿಯಂತೆ ಕಾಣುವ ವಸ್ತು ಹತ್ತಿರ ಬಂದಾಗಲೇ ಅದು ನಮ್ಮ ಅಪಾರ್ಟ್‌ಮೆಂಟಿನಷ್ಟು ದೊಡ್ಡದು ಎಂದು ಗೊತ್ತಾಗುವುದು. ಅಷ್ಟು ದೊಡ್ಡದನ್ನೂ ಕಡಲು ಆಟಿಕೆಯ ಹಾಗೆ ಎತ್ತಿ ಎಸೆಯಬಲ್ಲದು ಎಂಬುದು ಮನಸ್ಸಿಗೆ ತಟ್ಟುವುದೂ ಆಗಲೇ.

ಎರಡನೆಯದು, ಕಾಲ ನಿಂತುಹೋದ ಅನುಭವ. ಊರಿನ ಹಳೆಯ ಮನೆಯನ್ನು ನಾವು ದುರಸ್ತಿ ಮಾಡುತ್ತೇವೆ, ಸುಣ್ಣ ಬಳಿಯುತ್ತೇವೆ, ಮಾರುತ್ತೇವೆ. ಮುಳುಗಿದ ಹಡಗಿನಲ್ಲಿ ಮುಳುಗಿದ ದಿನವೇ ಕೊನೆಯ ದಿನ. 1628ರಲ್ಲಿ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿದ ವಾಸಾ ಹಡಗನ್ನು 1961ರಲ್ಲಿ ಮೇಲೆತ್ತಿದಾಗ, ಬಟ್ಟೆಬರೆ, ಪಾತ್ರೆ, ನಾಣ್ಯಗಳೆಲ್ಲ 333 ವರ್ಷದ ಹಿಂದಿನ ಒಂದು ಮಧ್ಯಾಹ್ನವನ್ನು ಹಾಗೇ ಹಿಡಿದಿಟ್ಟಿದ್ದವು. ಇವತ್ತು ಅದನ್ನು ನೋಡಲು ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ.

ಮೂರನೆಯದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಮುಜುಗರ. ದೊಡ್ಡದೊಂದರ ಅಂತ್ಯವನ್ನು ನಾವು ಸುರಕ್ಷಿತ ಜಾಗದಲ್ಲಿ ನಿಂತು ನೋಡಲು ಬಯಸುತ್ತೇವೆ. ಎರಡು ಸಾವಿರ ವರ್ಷದ ಹಿಂದೆಯೇ ರೋಮ್‌ನ ಕವಿ ಲುಕ್ರೀಷಿಯಸ್ ಇದನ್ನು ಗಮನಿಸಿದ್ದ. ದಡದ ಮೇಲಿನವನಿಗೆ ಸಂತೋಷ ಕೊಡುವುದು ಬೇರೆಯವರ ಕಷ್ಟವಲ್ಲ, ಆ ಕಷ್ಟ ತನಗಿಲ್ಲ ಎಂಬ ಅರಿವು ಎಂಬುದು ಅವನ ವಾದ. ಸಾವು-ದುರಂತಗಳ ಜಾಗಕ್ಕೆ ಪ್ರವಾಸ ಹೋಗುವುದಕ್ಕೆ 1996ರಲ್ಲಿ ಲೆನ್ನನ್ ಮತ್ತು ಫೋಲಿ ಎಂಬ ಇಬ್ಬರು ಅಧ್ಯಾಪಕರು ‘ಡಾರ್ಕ್ ಟೂರಿಸಂ’ ಎಂಬ ಹೆಸರು ಕೊಟ್ಟರು. ಹೆಸರು ಹೊಸದು, ಅಭ್ಯಾಸ ಹಳೆಯದು.

ನಮಗಂತೂ ಇದು ಹೊಸತೇ ಅಲ್ಲ. ಹಂಪಿಯನ್ನು ನಾವು ‘ಹಾಳು ಹಂಪಿ’ ಎಂದು ಕರೆದೇ ನೋಡಲು ಹೋಗುತ್ತೇವೆ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಹೇಮಾವತಿ ಹಿನ್ನೀರು ಏರಿದಾಗ ಅರ್ಧ ಮುಳುಗುವ ಹಳೆಯ ಚರ್ಚಿಗೆ, ಅದು ಪೂರ್ತಿಯಾಗಿ ಚೆನ್ನಾಗಿದ್ದಾಗ ಬರುತ್ತಿದ್ದವರಿಗಿಂತ ಹೆಚ್ಚು ಜನ ಈಗ ಬರುತ್ತಾರೇನೋ. ಲಿಂಗನಮಕ್ಕಿ ಜಲಾಶಯದ ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ. 1964ರಲ್ಲಿ ಹೊಸ ಅಣೆಕಟ್ಟು ಬಂದು ಹಳೆಯದನ್ನೇ ಮುಳುಗಿಸಿತು. ಅದನ್ನು ನೋಡಲು ಬೆಂಗಳೂರಿನಿಂದ ಕಾರು ಮಾಡಿಕೊಂಡು ಬರುತ್ತಾರೆ.

ನನ್ನ ಅಜ್ಜಿಯ ತವರು ಆ ಹಿನ್ನೀರಿನಡಿ ಹೋದ ಊರುಗಳಲ್ಲಿ ಒಂದು. ಅಂಥ ಒಂದು ಬೇಸಿಗೆಯಲ್ಲಿ ಮನೆಯವರೆಲ್ಲ ಹೋಗಿದ್ದೆವು. ನಾವು ಹುಡುಗರು ಅಣೆಕಟ್ಟಿನ ಸೈಫನ್‌ಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರೆ, ಅಜ್ಜಿ ಒಣಗಿ ಬಿರಿದ ಕೆಸರಿನ ಕಡೆ ಕೈ ತೋರಿಸಿ ಯಾರ ಮನೆ ಎಲ್ಲಿತ್ತು, ಯಾರ ಬಾವಿ ಎಲ್ಲಿತ್ತು ಎಂದು ಒಂದೊಂದೇ ಹೆಸರು ಹೇಳುತ್ತಿದ್ದರು. ನಾವಿಬ್ಬರೂ ನೋಡುತ್ತಿದ್ದದ್ದು ಒಂದೇ ಜಾಗವನ್ನು. ನಮಗೆ ಅದು ದೃಶ್ಯ, ಅವರಿಗೆ ಅದು ಊರು. ಮಲೆನಾಡಿನವರಿಗೆ ‘ಮುಳುಗಡೆ’ ಎಂಬ ಮಾತಿನ ತೂಕ ಗೊತ್ತಿರುವುದು ಹೀಗೆ. ಹೆಸರು ಗೊತ್ತಿದ್ದರೆ ಮುಳುಗಡೆ ದುಃಖವಾಗುತ್ತದೆ, ಗೊತ್ತಿಲ್ಲದಿದ್ದರೆ ವಿಸ್ಮಯವಾಗುತ್ತದೆ.

ಪ್ರಸಿದ್ಧಿಯ ಲೆಕ್ಕಾಚಾರ

ವಿಸ್ಮಯ ತಪ್ಪಲ್ಲ. ತೊಡಕು ಇರುವುದು ವಿಸ್ಮಯ ಯಾವ ಹಡಗಿಗೆ ಸಿಗುತ್ತದೆ ಎಂಬುದರಲ್ಲಿ. ಸತ್ತವರ ಸಂಖ್ಯೆಯೇ ಅಳತೆಗೋಲಾಗಿದ್ದರೆ ಮುಂಬಯಿಯ ಪ್ರತಿಯೊಬ್ಬ ಶಾಲಾ ಮಗುವಿಗೂ ‘ರಾಮದಾಸ್’ ಗೊತ್ತಿರಬೇಕಿತ್ತು. 1947ರ ಜುಲೈ 17ರಂದು, ಸ್ವಾತಂತ್ರ್ಯಕ್ಕೆ ಒಂದು ತಿಂಗಳೂ ಇಲ್ಲದಾಗ, ಭಾವುಚಾ ಧಕ್ಕಾದಿಂದ ರೇವಸ್‌ಗೆ ಹೊರಟ ಈ ಪ್ರಯಾಣಿಕ ಹಡಗು ಮಳೆಗಾಳಿಗೆ ಸಿಕ್ಕಿ ಮುಳುಗಿತು. 600ಕ್ಕೂ ಹೆಚ್ಚು ಮಂದಿ ಸತ್ತರು. ಹಡಗಿನಲ್ಲಿ ವೈರ್‌ಲೆಸ್ ಇರಲಿಲ್ಲ. ಈಜಿ ದಡ ಸೇರಿದವರು ಬಾಯಿಬಿಟ್ಟು ಹೇಳುವ ತನಕ ನಗರಕ್ಕೆ ಸುದ್ದಿಯೇ ತಿಳಿಯಲಿಲ್ಲ.

ರಾಮದಾಸ್‌ನಲ್ಲಿ ಇದ್ದವರು ಕೊಂಕಣದ ತಮ್ಮ ಊರಿಗೆ ಹೊರಟ ಸಾಮಾನ್ಯ ಜನ. ನಮ್ಮ ಕರಾವಳಿಯ ಹಿರಿಯರು ಅನೇಕರು ಮುಂಬಯಿಗೆ ಮೊದಲು ಬಂದದ್ದೂ ಹೀಗೆ ಹಡಗಿನಲ್ಲೇ. ಹೆದ್ದಾರಿಯ ಬಸ್ಸು, 1998ರ ಕೊಂಕಣ ರೈಲು ಎಲ್ಲ ಆಮೇಲಿನವು. ಮಾಟುಂಗಾ, ಫೋರ್ಟ್‌ನ ಉಡುಪಿ ಹೋಟೆಲುಗಳ ಮೊದಲ ತಲೆಮಾರಿನವರಿಗೆ ಕಡಲು ಊರಿಗೂ ಹೊಟ್ಟೆಪಾಡಿಗೂ ನಡುವಿನ ದಾರಿಯಾಗಿತ್ತು. ಆದರೂ ರಾಮದಾಸ್ ನಮ್ಮ ನೆನಪಿನಿಂದ ಜಾರಿಹೋಗಿದೆ. ಟೈಟಾನಿಕ್‌ನ ಕ್ಯಾಪ್ಟನ್ ಹೆಸರು ಮಾತ್ರ ಸಿನಿಮಾ ನೋಡಿದ ಎಲ್ಲರಿಗೂ ಗೊತ್ತು.

2023ರ ಜೂನ್‌ನಲ್ಲಿ ಈ ಅಸಮತೋಲನ ಲೋಕಕ್ಕೇ ಕಾಣುವಂತೆ ಬಯಲಾಯಿತು. ಜೂನ್ 18ರಂದು ‘ಟೈಟನ್’ ಎಂಬ ಪುಟ್ಟ ಜಲಾಂತರ್ಗಾಮಿ ಐವರನ್ನು ಹೊತ್ತು, 3,800 ಮೀಟರ್ ಆಳದಲ್ಲಿರುವ ಟೈಟಾನಿಕ್ ನೋಡಲು ಇಳಿಯಿತು. ಒಂದು ಸೀಟಿಗೆ ಎರಡೂವರೆ ಲಕ್ಷ ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಎರಡು ಕೋಟಿ ರೂಪಾಯಿ. ಸಂಪರ್ಕ ಕಡಿದ ಮೇಲೆ ನಾಲ್ಕು ದಿನ ಇಡೀ ಜಗತ್ತು ಒಳಗೆ ಎಷ್ಟು ಗಂಟೆಯ ಆಮ್ಲಜನಕ ಉಳಿದಿದೆ ಎಂದು ಎಣಿಸುತ್ತ ಕುಳಿತಿತ್ತು. ಅದಕ್ಕೆ ನಾಲ್ಕೇ ದಿನ ಮೊದಲು, ಜೂನ್ 14ರಂದು, ಗ್ರೀಸ್‌ನ ಪೈಲೋಸ್ ಬಳಿ ವಲಸಿಗರನ್ನು ತುಂಬಿಕೊಂಡಿದ್ದ ಅಡ್ರಿಯಾನಾ ಎಂಬ ಮೀನುಗಾರಿಕಾ ಹಡಗು ಮುಳುಗಿತ್ತು. ಅದರಲ್ಲಿ ಸುಮಾರು 750 ಮಂದಿ ಇದ್ದರೆಂಬ ಅಂದಾಜು, ಬದುಕಿದವರು 104. ಪಾಕಿಸ್ತಾನ, ಸಿರಿಯಾ, ಈಜಿಪ್ಟಿನಿಂದ ಕೆಲಸ ಹುಡುಕಿ ಹೊರಟವರು. ಆ ಹಡಗಿನ ಬಗ್ಗೆ ಆಫೀಸಿನ ಚಹಾ ಹೊತ್ತಿನಲ್ಲಿ ಮಾತಾಡಿದವರು ಎಷ್ಟು ಮಂದಿ?

ನಮ್ಮ ಕಣ್ಣೆದುರಿನ ಉದಾಹರಣೆಯೂ ಇದೆ. 2021ರ ಮೇ 17ರಂದು ತೌಕ್ತೆ ಚಂಡಮಾರುತದಲ್ಲಿ ಮುಂಬಯಿ ಹೊರಗಡಲಿನ ತೈಲಬಾವಿಗಳ ಬಳಿ ಪಿ-305 ಎಂಬ ಬಾರ್ಜ್ ಮುಳುಗಿತು. ಕೆಲಸಗಾರರು ಉಳಿದುಕೊಳ್ಳುವ ತೇಲುವ ವಸತಿ ಅದು. ಅದರಲ್ಲಿ 261 ಮಂದಿ ಇದ್ದರು. ನೌಕಾಪಡೆ, ಕರಾವಳಿ ಕಾವಲು ಪಡೆ ಜೀವ ಪಣಕ್ಕಿಟ್ಟು 186 ಮಂದಿಯನ್ನು ಉಳಿಸಿದವು. 70ಕ್ಕೂ ಹೆಚ್ಚು ಮಂದಿ ಸತ್ತರು. ಚಂಡಮಾರುತದ ಮುನ್ಸೂಚನೆ ದಿನಗಳ ಮೊದಲೇ ಬಂದಿತ್ತು. ವೆಲ್ಡರು, ಫಿಟ್ಟರು, ಅಡುಗೆಯವರು, ಬೇರೆ ಬೇರೆ ರಾಜ್ಯದಿಂದ ನಮ್ಮ ಹಾಗೆಯೇ ದುಡಿಯಲು ಬಂದವರು ಅದರಲ್ಲಿದ್ದರು. ಪಿ-305 ಎಂದರೆ ಏನೆಂದು ಈಗ ಪವಾಯಿಯ ನಮ್ಮ ಕ್ಯಾಂಟೀನಿನಲ್ಲಿ ಕೇಳಿದರೆ, ಯಾವುದೋ ಹೊಸ ಫೋನಿನ ಮಾದರಿ ಎಂದುಕೊಳ್ಳುವವರೇ ಹೆಚ್ಚು.

ಹಾಗಾದರೆ ಒಂದು ಹಡಗು ಪ್ರಸಿದ್ಧವಾಗುವುದು ಅದರಲ್ಲಿ ಹೋದ ಜೀವಗಳಿಂದ ಅಲ್ಲ. ಶ್ರೀಮಂತರು ಇದ್ದಿರಬೇಕು, ಅಥವಾ ಸಿನಿಮಾ ಬಂದಿರಬೇಕು, ಅಥವಾ ಹಡಗು ಕ್ಯಾಮೆರಾ ಎದುರೇ ಬಂದು ನಿಂತಿರಬೇಕು. ಪ್ರಸಿದ್ಧಿ ಒಂದು ಸರ್ಚ್ ಎಂಜಿನ್ ಇದ್ದ ಹಾಗೆ. ಈಗಾಗಲೇ ಹೆಚ್ಚು ಜನ ನೋಡಿದ್ದನ್ನೇ ಮತ್ತೆ ಮೇಲೆ ತಂದು ತೋರಿಸುತ್ತದೆ. ಕೆಳಗಿನ ಪುಟದಲ್ಲಿ ಇದ್ದದ್ದು ಕೆಳಗೇ ಉಳಿಯುತ್ತದೆ.

ನೋಡಿ ಬಂದ ಮೇಲೆ

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ರೂಢಿ ಇದೆ. ದೊಡ್ಡ ಸಿಸ್ಟಂ ಒಂದು ಕುಸಿದರೆ ಅರ್ಧ ಗಂಟೆಯಲ್ಲಿ ಆ ಕಾಲ್‌ಗೆ ನೂರು ಜನ ಸೇರಿಕೊಳ್ಳುತ್ತಾರೆ. ಸಂಬಂಧವೇ ಇಲ್ಲದ ತಂಡದವರೂ ಬಂದು ಕೆಂಪು ಗ್ರಾಫ್ ನೋಡುತ್ತ ಕೂರುತ್ತಾರೆ. ಎಲ್ಲ ಸರಿಹೋಗಿ, ಎರಡು ವಾರದ ನಂತರ ಯಾಕೆ ಕುಸಿಯಿತು, ಮುಂದೆ ಹಾಗಾಗದಿರಲು ಏನು ಬದಲಾಯಿಸಬೇಕು ಎಂಬ ವರದಿ ಬರುತ್ತದೆ. ಅದನ್ನು ಪೂರ್ತಿ ಓದುವವರು ಐದಾರು ಮಂದಿ. ಆದರೆ ಮುಂದಿನ ಕುಸಿತ ತಪ್ಪಿಸುವುದು ಆ ವರದಿಯೇ. ಮುಳುಗಿದ ಹಡಗುಗಳ ವಿಷಯವೂ ಇಷ್ಟೇ.

ವಾಸಾ ಹಡಗನ್ನೇ ತೆಗೆದುಕೊಳ್ಳಿ. ಅದು ಮೊದಲ ಯಾನದಲ್ಲೇ, ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ, ಒಂದು ಗಾಳಿಗೆ ವಾಲಿ ಮುಳುಗಿತು. ಮೇಲ್ಭಾಗದ ತೂಕ ಹೆಚ್ಚಾಗಿ, ಸಮತೋಲನ ತಪ್ಪಿತ್ತು. ಹೊರಡುವ ಮೊದಲೇ ಮೂವತ್ತು ಮಂದಿಯನ್ನು ಅಟ್ಟದ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಿಸಿ ಪರೀಕ್ಷೆ ಮಾಡಿದ್ದರು. ಹಡಗು ಅಪಾಯ ಆಗುವಷ್ಟು ಓಲಾಡಿದ್ದರಿಂದ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಆದರೂ ಹಡಗು ಹೊರಟಿತು. ರಾಜನಿಗೆ ಅವಸರ, ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಟೆಸ್ಟ್ ಫೇಲ್ ಆದರೂ ರಿಲೀಸ್ ದಿನಾಂಕ ಬದಲಾಗದ ಪ್ರಾಜೆಕ್ಟುಗಳನ್ನು ಕಂಡ ಯಾವ ಎಂಜಿನಿಯರ್‌ಗೂ ಆ ಮ್ಯೂಸಿಯಮ್ಮಿನ ಪಾಠ ಅರ್ಥವಾಗುತ್ತದೆ.

ಟೈಟನ್‌ನ ಕತೆಯ ಕ್ರೂರ ವ್ಯಂಗ್ಯ ಇಲ್ಲಿದೆ. ಅದರ ಹೊರಕವಚ ಕಾರ್ಬನ್ ಫೈಬರಿನದು. ಯಾವ ಮಾನ್ಯ ಸಂಸ್ಥೆಯೂ ಅದನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಟ್ಟಿರಲಿಲ್ಲ. 2022ರ ಒಂದು ಯಾನದ ಕೊನೆಗೆ ದೊಡ್ಡ ಸದ್ದು ಕೇಳಿಸಿತ್ತು, ಕವಚಕ್ಕೆ ಅಳವಡಿಸಿದ್ದ ಸಂವೇದಕಗಳ ದತ್ತಾಂಶದಲ್ಲೂ ಬದಲಾವಣೆ ಕಂಡಿತ್ತು. ಎಚ್ಚರಿಕೆಗೆ ಬೆಲೆ ಸಿಗಲಿಲ್ಲ. ಈ ಸಾವುಗಳನ್ನು ತಪ್ಪಿಸಬಹುದಿತ್ತು ಎಂದು ಅಮೆರಿಕದ ಕರಾವಳಿ ಕಾವಲು ಪಡೆಯ ತನಿಖಾ ಮಂಡಳಿ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಮಂಜುಗಡ್ಡೆಯ ಎಚ್ಚರಿಕೆ ಬಂದರೂ ವೇಗ ತಗ್ಗಿಸದ ಹಡಗನ್ನು ನೋಡಲು ಹೋದವರು, ಎಚ್ಚರಿಕೆಯನ್ನು ಕಡೆಗಣಿಸಿದ ವಾಹನದಲ್ಲೇ ಹೋದರು. ಟೈಟಾನಿಕ್ ಕಲಿಸಿದ ಪಾಠ ಏನೆಂದು ತಿಳಿಯಲು ಅಷ್ಟು ಆಳಕ್ಕೆ ಇಳಿಯಬೇಕಿರಲಿಲ್ಲ. ಅದು 1914ರ ಅಂತರರಾಷ್ಟ್ರೀಯ ಒಪ್ಪಂದದಲ್ಲೇ ಇತ್ತು. ಹಡಗಿನಲ್ಲಿ ಇರುವ ಎಲ್ಲರಿಗೂ ಜೀವರಕ್ಷಕ ದೋಣಿ ಇರಬೇಕು, ವೈರ್‌ಲೆಸ್‌ಗೆ ಸದಾ ಕಿವಿಗೊಟ್ಟಿರಬೇಕು ಎಂಬ ಮಾತುಗಳು ಬಂದದ್ದು ಆ ದುರಂತದ ನಂತರ.

ನೋಡಲು ಏನೂ ಉಳಿಯದೆಯೂ ನೆನಪು ಉಳಿಯಬಹುದು ಎಂಬುದಕ್ಕೆ ಮುಂಬಯಿಯೇ ಸಾಕ್ಷಿ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟೀಕೀನ್ ಹಡಗು ಹತ್ತಿ, ಸ್ಫೋಟಕ, ಚಿನ್ನದ ಗಟ್ಟಿಗಳ ಸಮೇತ ಸಿಡಿಯಿತು. ನೂರಾರು ಮಂದಿ ಸತ್ತರು. ಬೆಂಕಿ ನಂದಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಜೀವ ತೆತ್ತರು. ಆ ಹಡಗಿನ ಅವಶೇಷ ನೋಡಲು ಯಾರೂ ಹೋಗುವುದಿಲ್ಲ, ಹೋಗಲು ಅದು ಇಲ್ಲವೂ ಇಲ್ಲ. ಆದರೆ ದೇಶದ ಪ್ರತಿ ಅಗ್ನಿಶಾಮಕ ಠಾಣೆಯಲ್ಲಿ, ಹಾವೇರಿಯಿಂದ ಬೀದರ್‌ವರೆಗೆ, ಇಂದಿಗೂ ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ನಡೆಯುತ್ತದೆ, ಶಾಲೆಗಳಿಗೆ ಹೋಗಿ ಬೆಂಕಿಯ ಸುರಕ್ಷತೆ ಹೇಳಿಕೊಡುತ್ತಾರೆ. ಒಂದು ಹಡಗಿನ ಸಾವು ಬೇರೆಯವರ ಬದುಕಿಗೆ ಹೀಗೆ ಉಪಯೋಗಕ್ಕೆ ಬಂದಿದೆ.

ಸುವರ್ಣ ತ್ರಿಭುಜದ ಪಾಠವೂ ಸ್ಪಷ್ಟ. ಬೋಟು ಕಾಣೆಯಾದಾಗ ಅದು ಹೇಗೆ ಮುಳುಗಿತು ಎಂಬ ಬಗ್ಗೆ ಕರಾವಳಿಯಲ್ಲಿ ಎದ್ದ ಪ್ರಶ್ನೆಗಳು ಹಲವು. 2019ರ ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗೆ ಇಳಿದು, ಹುಡುಕಿಕೊಡಿ ಎಂದು ಕೇಳಿದರು. ಮನೆಯವರ ಪಾಲಿಗೆ ನಾಲ್ಕೂವರೆ ತಿಂಗಳು ಬದುಕಿದ್ದಾರೋ ಇಲ್ಲವೋ ಎಂಬ ತೂಗುಯ್ಯಾಲೆ. ಬೋಟು ಕೊನೆಯ ಕ್ಷಣದಲ್ಲಿ ಎಲ್ಲಿತ್ತು ಎಂಬ ಒಂದೇ ಒಂದು ಮಾಹಿತಿ ಅಂದೇ ದಡಕ್ಕೆ ತಲುಪಿದ್ದರೆ, ಹುಡುಕಾಟ ಬೇರೆಯೇ ಆಗುತ್ತಿತ್ತು.

ತಂತ್ರಜ್ಞಾನದ ಮಟ್ಟಿಗೆ ಇದು ಕಷ್ಟದ ಕೆಲಸವಲ್ಲ. ದಡದಿಂದ ದೂರ ಹೋದಂತೆ ಮೊಬೈಲ್ ಸಿಗ್ನಲ್ ಸಾಯುತ್ತದೆ, ಅಲ್ಲಿಂದಾಚೆ ಉಪಗ್ರಹವೇ ಗತಿ. 2024ರ ಆಗಸ್ಟ್ 30ರಂದು ಮುಂಬಯಿ ಪಕ್ಕದ ಪಾಲ್ಘರ್‌ನಲ್ಲಿ ಪ್ರಧಾನಿ ಚಾಲನೆ ಕೊಟ್ಟ ಯೋಜನೆಯ ಗುರಿಯೂ ಇದೇ. ಕರಾವಳಿ ರಾಜ್ಯಗಳು ಮತ್ತು ಕೇಂದ್ರಾಡಳಿತ ಪ್ರದೇಶಗಳ ಒಂದು ಲಕ್ಷ ಮೀನುಗಾರಿಕಾ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸುವುದು, ಅದಕ್ಕೆ ಸುಮಾರು 360 ಕೋಟಿ ರೂಪಾಯಿ. ಬೋಟು ಎಲ್ಲಿದೆ ಎಂದು ದಡಕ್ಕೆ ತಿಳಿಯುತ್ತದೆ, ಹವಾಮಾನದ ಎಚ್ಚರಿಕೆ ಬೋಟಿಗೆ ತಲುಪುತ್ತದೆ, ಆಪತ್ತು ಬಂದರೆ ತಾಂಡೇಲ ಒಂದು ಗುಂಡಿ ಒತ್ತಿ ಸುದ್ದಿ ಮುಟ್ಟಿಸಬಹುದು. ಲೆಕ್ಕ ಹಾಕಿದರೆ ಒಂದು ಬೋಟಿಗೆ ಸುಮಾರು 36 ಸಾವಿರ ರೂಪಾಯಿ, ಪವಾಯಿಯಲ್ಲಿ ಒಂದು ಬೆಡ್‌ರೂಮಿನ ಮನೆಯ ಒಂದು ತಿಂಗಳ ಬಾಡಿಗೆಯೂ ಅಲ್ಲ. ಪ್ರಶ್ನೆ ಇರುವುದು ಅಳವಡಿಸಿದ ಮೇಲೆ ಅದು ಕೆಲಸ ಮಾಡುತ್ತಿದೆಯೇ, ಮಧ್ಯರಾತ್ರಿ ಬಂದ ಸಂದೇಶವನ್ನು ನೋಡಲು ದಡದಲ್ಲಿ ಒಬ್ಬರು ಎಚ್ಚರವಾಗಿದ್ದಾರೆಯೇ ಎಂಬುದರಲ್ಲಿ. ಇದನ್ನು ಕೇಳುವವರು ಬೇಕು.

ಕಡಲು ಮತ್ತೆ ಮತ್ತೆ ನೆನಪಿಸುತ್ತಲೇ ಇದೆ. 2025ರ ಮೇ ಕೊನೆಗೆ ಕೊಚ್ಚಿ ಬಳಿ ಎಂಎಸ್‌ಸಿ ಎಲ್ಸಾ-3 ಹಡಗು 640 ಕಂಟೇನರ್‌ಗಳೊಂದಿಗೆ ಮುಳುಗಿತು. ದಡಕ್ಕೆ ಬಂದ ಕಂಟೇನರ್‌ಗಳ ಹತ್ತಿರ ಹೋಗಬೇಡಿ, ಮುಟ್ಟಬೇಡಿ ಎಂದು ಕೇರಳದ ಅಧಿಕಾರಿಗಳು ಮತ್ತೆ ಮತ್ತೆ ಹೇಳಬೇಕಾಯಿತು. ಎರಡು ವಾರ ಕಳೆಯುವಷ್ಟರಲ್ಲಿ, ಜೂನ್ 9ರಂದು, ವಾನ್ ಹೈ 503ಕ್ಕೆ ಬೆಂಕಿ ಬಿತ್ತು. ಅದರ 22 ಮಂದಿಯಲ್ಲಿ ಉಳಿಸಿದ 18 ಮಂದಿಯನ್ನು ಕರೆತಂದದ್ದು ನಮ್ಮ ಮಂಗಳೂರಿಗೆ. ನಾಲ್ವರು ನಾಪತ್ತೆಯಾದರು. ಇವೆಲ್ಲ ದೂರದ ಅಟ್ಲಾಂಟಿಕ್ ಕತೆಗಳಲ್ಲ, ನಾವು ರಜೆಗೆ ಊರಿಗೆ ಹೋದಾಗ ಕಾಲು ತೊಳೆಯುವ ನೀರಿನ ಸುದ್ದಿ.

ಮುಂಬಯಿಯಿಂದ ಊರಿಗೆ ಕಾರಿನಲ್ಲಿ ಹೋಗುವ ನಮ್ಮಲ್ಲಿ ಅನೇಕರಿಗೆ ಸಿಂಧುದುರ್ಗ ದಾರಿಯಲ್ಲೇ ಸಿಗುತ್ತದೆ. ಗುಲ್ದಾರ್ ನೋಡುವ ವ್ಯವಸ್ಥೆ ಆದಾಗ ನಾನೂ ಹೋಗುತ್ತೇನೆ, ನೀವೂ ಹೋಗಿ. ಅಲ್ಲಿನ ಮೀನುಗಾರರ ಮಕ್ಕಳಿಗೆ ಗೈಡ್ ಕೆಲಸ, ಬೋಟಿನ ಕೆಲಸ ಸಿಗುವುದಾದರೆ ಒಳ್ಳೆಯದೇ. ಆದರೆ ಸಿಂಧುದುರ್ಗದ ಆ ಮ್ಯೂಸಿಯಮ್ಮಿನ ದಡದ ಕೌಂಟರಿನಲ್ಲಿ, ಈ ಕಡಲಿನಲ್ಲಿ ಹೋದ ಬೋಟುಗಳ, ಅದರಲ್ಲಿದ್ದವರ ಹೆಸರಿನ ಒಂದು ಫಲಕ ಇರಲಿ ಎಂದು ಎರಡೂ ರಾಜ್ಯಗಳ ಮೀನುಗಾರಿಕೆ ಇಲಾಖೆಗಳನ್ನು ಕೇಳುವ ಹಕ್ಕು ನಮಗಿದೆ. ಮಲ್ಪೆ, ತದಡಿ, ಹೊನ್ನಾವರ, ಭಟ್ಕಳದ ಬಂದರುಗಳಲ್ಲೂ ಅಂಥ ಹೆಸರುಗಳು ಬಂದವರಿಗೆಲ್ಲ ಓದಲು ಸಿಗುವಂತಿರಲಿ. ಡಿಯು ದ್ವೀಪದಲ್ಲಿ 1971ರ ಡಿಸೆಂಬರ್ 9ರಂದು ಮುಳುಗಿದ ಐಎನ್‌ಎಸ್ ಖುಕ್ರಿಯ ಸ್ಮಾರಕ ಇದೆ. 18 ಅಧಿಕಾರಿಗಳು, 176 ನಾವಿಕರು ಆ ಹಡಗಿನೊಂದಿಗೆ ಹೋದರು. ಪ್ರವಾಸಿಗರು ಅಲ್ಲಿ ಫೋಟೊ ತೆಗೆಯುತ್ತಾರೆ, ತೆಗೆಯುವ ಮೊದಲು ಒಂದು ನಿಮಿಷ ಸುಮ್ಮನೆ ನಿಲ್ಲುತ್ತಾರೆ. ಹೊಟ್ಟೆಪಾಡಿಗೆ ಕಡಲಿಗೆ ಇಳಿದವರಿಗೂ ಆ ಒಂದು ನಿಮಿಷ ಸಲ್ಲಬೇಕು.

ಮುಳುಗಿದ ಹಡಗಿನ ಚಿತ್ರ ತೋರಿಸಿದರೆ ಚಿಕ್ಕ ಮಕ್ಕಳು ಕೇಳುವ ಮೊದಲ ಪ್ರಶ್ನೆ, ‘ಅದರಲ್ಲಿ ಇದ್ದವರು ಏನಾದರು?’ ಎಂದು. ದೊಡ್ಡವರು ಉದ್ದ, ತೂಕ, ಟಿಕೆಟ್ ದರ ಕೇಳುತ್ತೇವೆ. ಗುಲ್ದಾರ್ ಬಗ್ಗೆ ಮಕ್ಕಳು ಕೇಳಿದರೆ ಉತ್ತರ ಸುಲಭ, ಅದರಲ್ಲಿ ಯಾರೂ ಇರಲಿಲ್ಲ. ಅಷ್ಟಕ್ಕೇ ನಿಲ್ಲಿಸಬೇಡಿ. ಅದೇ ಕಡಲಿನಲ್ಲಿ ಇನ್ನೊಂದು ಬೋಟು ಇತ್ತು, ಅದರಲ್ಲಿ ನಮ್ಮ ಕಡೆಯ ಏಳು ಮಂದಿ ಇದ್ದರು ಎಂಬುದನ್ನೂ ಹೇಳಿ.